ಪಾಲ್ ಗೊಗ್ಯಾಂ: ಟಹೀಟಿಯ ದ್ವೀಪಗಳಲ್ಲಿ ಇಬ್ಬರಿಗೆ ಏಳು ರಾತ್ರಿ

ಪಾಲ್ ಗೊಗ್ಯಾಂ ಹಡಗಿನ ತಳ ನೀರಿನೊಳಗೆ ಇಳಿಯುವುದು ಐದು ಮೀಟರ್ ಚಿಲ್ಲರೆ ಮಾತ್ರ. ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಷ್ಯಾದಲ್ಲಿ ದ್ವೀಪಕ್ಕೂ ಅದನ್ನು ಸುತ್ತಿದ ಹವಳದ ದಿಬ್ಬಕ್ಕೂ ನಡುವೆ ಇರುವ ಆಳವಿಲ್ಲದ ಲಗೂನ್‌ಗಳಿಗೆಂದೇ 1997ರಲ್ಲಿ ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಿದ ಹಡಗು ಇದು. ಇದರ ಒಳ್ಳೆಯ ಗುಣಗಳೂ ತೊಂದರೆಗಳೂ ಬಹುಪಾಲು ಆ ತಳದಿಂದಲೇ ಬಂದಿವೆ. ಪ್ರಯಾಣಿಕರು ಸುಮಾರು 330, ಸಿಬ್ಬಂದಿ ಇನ್ನೂರಕ್ಕೂ ಹೆಚ್ಚು. ಎರಡನೇ ದಿನಕ್ಕೇ ಬಡಿಸುವವರಿಗೆ ನಿಮ್ಮ ಕಾಫಿ ಹೇಗಿರಬೇಕು ಎಂದು ಗೊತ್ತಾಗಿರುತ್ತದೆ.

ಏಳು ರಾತ್ರಿಯ ಪ್ರಯಾಣ ಟಹೀಟಿಯ ಪಪೀಟೆಯಿಂದ ಹೊರಟು ಹುವಾಹಿನೆ, ತಹಾ, ಬೋರಾ ಬೋರಾ, ಮೂರಿಯಾ ನೋಡಿಕೊಂಡು ಪಪೀಟೆಗೇ ಮರಳುತ್ತದೆ. ಬೋರಾ ಬೋರಾ ಮತ್ತು ಮೂರಿಯಾದಲ್ಲಿ ಎರಡೆರಡು ದಿನ. ಹಡಗು ಹೆಚ್ಚಾಗಿ ರಾತ್ರಿ ಹೊತ್ತು ಚಲಿಸುವುದರಿಂದ ಹಗಲೆಲ್ಲ ನೀರಿಗೂ ದಡಕ್ಕೂ ಸಿಗುತ್ತದೆ. ಬೋರಾ ಬೋರಾದ ಲಗೂನಿಗೆ ಹಡಗು ಹೋಗಲು ಇರುವುದು ತೆಅವನುಯಿ ಎಂಬ ಒಂದೇ ಬಾಯಿ, ನಮ್ಮ ಕರಾವಳಿಯ ಅಳಿವೆಯ ಹಾಗೆ. ಒಳಗೆ ಬರುವ ಹೊತ್ತಿಗೆ ಮೇಲಿನ ಡೆಕ್ಕಿನಲ್ಲಿರಿ. ಹೊರಗೆ ಕಡುನೀಲಿ, ಹವಳದ ದಿಬ್ಬದ ಮೇಲೆ ಬಿಳಿ ನೊರೆಯ ಗೆರೆ, ಒಳಗೆ ತೆಳು ಹಸಿರು, ಎದುರಿಗೆ 727 ಮೀಟರ್ ಎತ್ತರದ ಒತೆಮಾನು ಬೆಟ್ಟ. ಈ ಕೆಲವು ನಿಮಿಷಗಳನ್ನು ನಿದ್ದೆಯಲ್ಲಿ ಕಳೆದುಕೊಳ್ಳಬೇಡಿ.

ಕ್ಯಾಬಿನ್ ಆಯ್ಕೆಯಲ್ಲಿ ಹಣ ಉಳಿಸಲೂಬಹುದು, ಪೋಲು ಮಾಡಲೂಬಹುದು. ಅತ್ಯಂತ ಕಡಿಮೆ ದರದವು ಮೂರನೇ ಡೆಕ್ಕಿನ ದುಂಡು ಕಿಟಕಿಯ ಕ್ಯಾಬಿನ್‌ಗಳು, ಸುಮಾರು 200 ಚದರ ಅಡಿ. ಕಿಟಕಿ ತೆರೆಯುವುದಿಲ್ಲ, ಆದರೆ ತಳಕ್ಕೆ ಹತ್ತಿರವಾದ್ದರಿಂದ ಓಲಾಟ ಕಡಿಮೆ. ಕಡಿಮೆ ಆಳದ ತಳವಿರುವ ಹಡಗು ತೆರೆದ ಕಡಲಿನಲ್ಲಿ ದೊಡ್ಡ ಹಡಗುಗಳಿಗಿಂತ ಹೆಚ್ಚು ತೂಗುತ್ತದೆ. ಬೋರಾ ಬೋರಾ ಮತ್ತು ಮೂರಿಯಾ ನಡುವಿನ ಇನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿಯಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ. ಹೊಟ್ಟೆ ತೊಳಸುವವರು ಎಷ್ಟೇ ದುಡ್ಡಿದ್ದರೂ ಮೇಲಿನ ಸೂಟ್‌ಗೆ ಹೋಗದೆ, ಕೆಳಗೆ, ಹಡಗಿನ ನಡುಭಾಗದಲ್ಲಿ ಕ್ಯಾಬಿನ್ ಹಿಡಿಯುವುದೇ ಸರಿ. ಮಾತ್ರೆಯನ್ನು ಹಡಗು ಹೊರಡುವ ಒಂದು ಗಂಟೆ ಮೊದಲೇ ನುಂಗಿ. ತಲೆ ಸುತ್ತಲು ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಮುಂಭಾಗದ ಕ್ಯಾಬಿನ್‌ಗಳಿಗೆ ಬೆಳಗಿನ ಜಾವ ಲಂಗರಿನ ಸರಪಳಿ ಇಳಿಯುವ ಸದ್ದು ಕೇಳುತ್ತದೆ. ಬಾಲ್ಕನಿ ಬೇಕೇಬೇಕು ಎಂದರೆ ಎಡ ಬಲ ಎಂದು ತಲೆ ಕೆಡಿಸಿಕೊಳ್ಳಬೇಡಿ. ಲಂಗರು ಹಾಕಿದ ಹಡಗು ಗಾಳಿ ಬಂದಂತೆ ತಿರುಗುತ್ತದೆ, ಬೆಟ್ಟ ಎರಡೂ ಕಡೆಯವರಿಗೆ ಕಾಣುತ್ತದೆ. ಒಂದೇ ದೊಡ್ಡ ಹಾಸಿಗೆ ಬೇಕೆಂಬುದನ್ನು ಮಾತ್ರ ಬುಕಿಂಗ್‌ನಲ್ಲೇ ಬರೆಸಿಬಿಡಿ.

ಊಟ, ಬಹುತೇಕ ಪಾನೀಯ, ಟಿಪ್ಸ್, ಕಯಾಕ್ ಎಂಬ ಪುಟ್ಟ ಹುಟ್ಟುದೋಣಿ ಎಲ್ಲ ದರದಲ್ಲೇ ಸೇರಿವೆ. ಸ್ಕೂಬಾ (ಗಾಳಿಯ ಸಿಲಿಂಡರ್ ಹೊತ್ತು ಮುಳುಗುವುದು), ಸ್ಪಾ, ದಡದ ಪ್ರವಾಸಗಳಿಗೆ ಬೇರೆ ಹಣ. ಲಾ ವೆರಾಂಡಾ ಮತ್ತು ಲೆ ಗ್ರಿಲ್‌ನ ರಾತ್ರಿ ಊಟಕ್ಕೆ ಹೆಚ್ಚುವರಿ ಹಣವಿಲ್ಲ, ಆದರೆ ಮೇಜು ಕಾದಿರಿಸಬೇಕು. ಹತ್ತಿದ ದಿನವೇ ಕಾದಿರಿಸಿ.

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ಎಚ್ಚರವಾಗಿರಬೇಕು. ಅಡುಗೆಮನೆ ಫ್ರೆಂಚ್ ಪದ್ಧತಿಯದು. ತರಕಾರಿ ಸೂಪಿನ ಬುಡದಲ್ಲಿ ಕೋಳಿಯ ಸ್ಟಾಕ್ (ಮೂಳೆ, ಮಾಂಸ ಕುದಿಸಿದ ನೀರು) ಇರಬಹುದು, ಹಣ್ಣಿನ ಮೂಸ್ ಎಂಬ ನೊರೆಯಂಥ ಸಿಹಿಯಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್ ಇರಬಹುದು. ‘ವೆಜಿಟೇರಿಯನ್’ ಎಂದಷ್ಟೇ ಬರೆದರೆ ಸಾಲದು. ಮೀನು, ಮೊಟ್ಟೆ, ಸ್ಟಾಕ್, ಜೆಲಾಟಿನ್ ಒಂದೊಂದನ್ನೂ ಹೆಸರಿಸಿ, ಎರಡು ತಿಂಗಳ ಮೊದಲೇ ಕಳಿಸಿ. ಹಡಗಿನಲ್ಲಿ ಪ್ರತಿ ರಾತ್ರಿ ಊಟ ಮುಗಿದಾಗ ಮರುದಿನದ್ದನ್ನು ಹೇಳಿಡಿ. ಮುಂಚೆ ಗೊತ್ತಿದ್ದರೆ ಅವರು ನಿಜಕ್ಕೂ ಮನಸ್ಸಿಟ್ಟು ಮಾಡುತ್ತಾರೆ. ದಡದಲ್ಲಿ ಜೀಗುಜ್ಜೆ ಸಿಕ್ಕರೆ ಬಿಡಬೇಡಿ. ಅಲ್ಲಿ ಅದಕ್ಕೆ ‘ಉರು’ ಎನ್ನುತ್ತಾರೆ, ಕೆಂಡದಲ್ಲಿ ಇಡಿಯಾಗಿ ಸುಟ್ಟು ಸಿಪ್ಪೆ ತೆಗೆಯುತ್ತಾರೆ. ದಕ್ಷಿಣ ಕನ್ನಡದವರಿಗೆ ಅದರ ರುಚಿ ಹೊಸದೇನಲ್ಲ. ಮೀನು ತಿನ್ನುವವರು ನಿಂಬೆರಸ, ತೆಂಗಿನ ಹಾಲು ಬೆರೆಸಿದ ಹಸಿ ಟ್ಯೂನಾ ತಪ್ಪಿಸಿಕೊಳ್ಳಬಾರದು.

ಇಷ್ಟು ದೂರ ಬರುವುದೇ ನೀರಿಗಾಗಿ. ಹಡಗಿನ ಹಿಂಬದಿಯಲ್ಲಿ ನೀರಿನ ಮಟ್ಟಕ್ಕೆ ತೆರೆದುಕೊಳ್ಳುವ ಕಟ್ಟೆಯಿದೆ, ಕಯಾಕ್ ಇಳಿಸುವುದು ಅಲ್ಲಿಂದಲೇ. ಗಾಳಿ ಜೋರಾದರೆ ಅದನ್ನು ಮುಚ್ಚುತ್ತಾರೆ. ಮಧ್ಯಾಹ್ನಕ್ಕೆ ಗಾಳಿ ಏರುವುದೇ ಹೆಚ್ಚು, ಆದ್ದರಿಂದ ತೆರೆದ ಕೂಡಲೇ ಹೋಗಿ. ತಹಾ ಬಳಿ ಮೋಟು ಮಹಾನಾ ಎಂಬ ಪುಟ್ಟ ದ್ವೀಪದಲ್ಲಿ ಹಡಗಿನವರೇ ಇಡೀ ದಿನ ಊಟ, ಪಾನೀಯದ ವ್ಯವಸ್ಥೆ ಮಾಡುತ್ತಾರೆ. ಅದೇ ತಹಾದಲ್ಲಿ ಎರಡು ಮೋಟುಗಳ (ಹವಳದ ದಿಬ್ಬದ ಮೇಲಿನ ಪುಟ್ಟ ದ್ವೀಪಗಳ) ನಡುವೆ ಕಡಲಿನ ಕಡೆಯಿಂದ ಲಗೂನಿಗೆ ಹರಿಯುವ ಕಾಲುವೆಯೊಂದಿದೆ. ದಡದಲ್ಲಿ ಮೇಲಕ್ಕೆ ನಡೆದು, ಕಾಲುವೆಗಿಳಿದು, ಹರಿವಿನೊಂದಿಗೆ ತೇಲಿ ಬರುವುದು. ಕೆಲವೆಡೆ ಹವಳದ ಮೇಲೆ ಮೊಣಕಾಲಷ್ಟೂ ನೀರಿರುವುದಿಲ್ಲ. ಗಾಬರಿಯಾಗಿ ಎದ್ದು ನಿಂತರೆ ಕಾಲೂ ಕೊಯ್ಯುತ್ತದೆ, ಹವಳವೂ ಸಾಯುತ್ತದೆ. ಹೊಟ್ಟೆ ಒಳಗೆಳೆದು, ಕೈ ಮುಂದೆ ಚಾಚಿ, ಹಗುರಾಗಿ ದಾಟಿ. ಕಲ್ಲಿನಂತೆಯೇ ಕಾಣುವ ಕಲ್ಲುಮೀನಿನ ವಿಷದ ಮುಳ್ಳು ಇರುವ ಜಾಗವಾದ್ದರಿಂದ ಗಟ್ಟಿ ಅಟ್ಟೆಯ ನೀರಿನ ಷೂ ಇಲ್ಲದೆ ಎಲ್ಲೂ ಇಳಿಯಬೇಡಿ. ಈಜು ಬಾರದವರು ಹೊರಡುವ ಮೊದಲು ಊರಿನ ಈಜುಕೊಳದಲ್ಲಿ ಬೋರಲಾಗಿ ತೇಲುವುದನ್ನಾದರೂ ಕಲಿತಿರಬೇಕು. ಲೈಫ್ ಜಾಕೆಟ್ ಮುಳುಗಲು ಬಿಡದು, ಉಸಿರಿನ ಗಾಬರಿಯನ್ನು ಅದು ತಡೆಯಲಾರದು.

ನೀರಿನೊಳಗೆ ನೋಡಲು ಕಣ್ಣು, ಮೂಗು ಮುಚ್ಚುವಂತೆ ಹಾಕುವ ಗಾಜಿನ ಮಾಸ್ಕ್ ಸ್ವಂತದ್ದೇ ಒಯ್ಯಿರಿ. ಅಂಗಡಿಯಲ್ಲಿ ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆಯಿರಿ. ಕೈ ಬಿಟ್ಟರೂ ಬೀಳದಿದ್ದರೆ ನಿಮ್ಮ ಅಳತೆಯದು. ಹೊಸ ಗಾಜಿನ ಒಳಮೈಯಲ್ಲಿ ತಯಾರಿಕೆಯ ಜಿಡ್ಡಿನ ಪದರ ಇರುತ್ತದೆ, ಅದಕ್ಕೇ ಮಂಜು ಕಟ್ಟುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ಎರಡು ಮೂರು ಸಲ ಉಜ್ಜಿ ತೊಳೆಯಿರಿ. ಮೀಸೆಯಿರುವವರಿಗೆ ಮೂಗಿನ ಕೆಳಗಿನಿಂದ ನೀರು ಜಿನುಗುತ್ತದೆ. ಮೂಗಿಗೆ ತಾಗಿದ ಒಂದೆಳೆ ಅಂಚನ್ನು ಬೋಳಿಸಿದರೆ ಮೀಸೆಯೂ ಉಳಿಯುತ್ತದೆ, ಮಾಸ್ಕೂ ಕೂರುತ್ತದೆ.

ಹೋಗಲು ಒಳ್ಳೆಯ ಕಾಲ ಮೇ–ಅಕ್ಟೋಬರ್. ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆ, ಸೆಖೆ. ಜುಲೈ, ಆಗಸ್ಟ್‌ನಲ್ಲಿ ಮರಾಮು ಎಂಬ ಆಗ್ನೇಯ ಗಾಳಿ ಬೀಸಿದರೆ ಓಲಾಟ ಹೆಚ್ಚು. ಮೂರಿಯಾದ ಬಳಿ ತಿಮಿಂಗಿಲ ನೋಡಬೇಕೆಂದರೆ ಸೆಪ್ಟೆಂಬರ್ ಹಿಡಿಯಿರಿ.

ತಲುಪುವ ದಾರಿಯಲ್ಲೇ ಹೆಚ್ಚು ಜನ ಎಡವುವುದು. ಫ್ರೆಂಚ್ ಪಾಲಿನೇಷ್ಯಾ, ಒಂದೇ ವೀಸಾದಲ್ಲಿ ಯುರೋಪಿನ ಹಲವು ದೇಶ ಸುತ್ತಬಹುದಾದ ಷೆಂಗೆನ್ ವಲಯದಲ್ಲಿಲ್ಲ. ಷೆಂಗೆನ್ ವೀಸಾ ಕೈಯಲ್ಲಿದೆ ಎಂದು ಸುಮ್ಮನಿರದೆ ಅದು ಅಲ್ಲಿಗೂ ಸಲ್ಲುತ್ತದೆಯೇ ಎಂದು ಫ್ರೆಂಚ್ ವೀಸಾ ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳಿ. ಲಾಸ್ ಏಂಜಲೀಸ್ ಅಥವಾ ಸ್ಯಾನ್ ಫ್ರಾನ್ಸಿಸ್ಕೊ ಮೂಲಕ ಹೋದರೆ ವಿಮಾನ ಬದಲಿಸಲಿಕ್ಕೂ ಅಮೆರಿಕದ ವೀಸಾ ಬೇಕು. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡಿಗರಿಗೆ ಮಾತ್ರ ಇದು ನೇರ ದಾರಿ. ಕುಕ್ ದ್ವೀಪಗಳನ್ನೂ ಮುಟ್ಟಿ ಬರುವ ಉದ್ದನೆಯ ಪ್ರಯಾಣವಾದರೆ, ಅದು ಬೇರೆ ದೇಶವಾದ್ದರಿಂದ, ಮತ್ತೆ ಒಳಬರಲು ಅವಕಾಶವಿರುವ ವೀಸಾ ಕೇಳಿ. ನ್ಯೂಜಿಲೆಂಡಿನ ಆಕ್ಲೆಂಡ್ ಮೂಲಕ ಹೋಗುವವರು ದಿನಾಂಕ ರೇಖೆ ದಾಟುತ್ತಾರೆ, ಹೊರಟ ತಾರೀಖಿಗಿಂತ ಹಿಂದಿನ ತಾರೀಖಿಗೆ ಇಳಿಯುವುದೂ ಉಂಟು. ಹೋಟೆಲನ್ನು ಇಳಿಯುವ ತಾರೀಖು ನೋಡಿ ಬುಕ್ ಮಾಡಿ. ಪಪೀಟೆಯ ಸಮಯ ನಮಗಿಂತ 15 ಗಂಟೆ 30 ನಿಮಿಷ ಹಿಂದೆ. ಹಡಗು ಹತ್ತುವ ಒಂದು ದಿನ ಮೊದಲಾದರೂ ಊರು ಸೇರಿರಬೇಕು. ಸೂಟ್‌ಕೇಸ್ ತಡವಾದರೂ ಹಡಗು ಕಾಯುವುದಿಲ್ಲ.

ಸ್ಕೂಬಾ ಮಾಡುವವರು ಡೈವ್‌ಗಳನ್ನು ವಾರದ ಮೊದಲರ್ಧದಲ್ಲೇ ಮುಗಿಸಿಕೊಳ್ಳಿ. ಹಲವು ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಬಿಡಬೇಕು, ಇಲ್ಲವಾದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯೇಳಬಹುದು. ಮೂರಿಯಾದ ಎರಡನೇ ದಿನವನ್ನು ಒಪುನೊಹು ಕೊಲ್ಲಿಯ ಮೇಲಿನ ಬೆಲ್ವೆಡೇರ್ ಗುಡ್ಡಕ್ಕೆ ಇಟ್ಟುಕೊಳ್ಳಿ. ಬೆಳಿಗ್ಗೆ ಬೇಗ ಹೋದರೆ ರೊಟುಯಿ ಬೆಟ್ಟದ ಎರಡೂ ಪಕ್ಕದ ಕೊಲ್ಲಿಗಳು ಮೋಡವಿಲ್ಲದೆ ಕಾಣುತ್ತವೆ.