ಅಗ್ಗದ ಟಿಡಿಸಿಎಸ್ ಪೆಟ್ಟಿಗೆ: ಕಣ್ಣಂಚಿನ ಮಿಂಚಿಗೆ ನಾಬ್ ಕಾರಣ

9 ವೋಲ್ಟ್ ಬ್ಯಾಟರಿ, 2 ಮಿಲಿಆಂಪ್‌ವರೆಗೆ ತಿರುಗಿಸುವ ನಾಬ್, ಮುಳ್ಳಿನ ಮೀಟರ್, 5x7 ಸೆಂ.ಮೀ. ಸ್ಪಂಜಿನ ಎರಡು ಎಲೆಕ್ಟ್ರೋಡ್, ಒಂದು ರಬ್ಬರ್ ಪಟ್ಟಿ. ಟಿಡಿಸಿಎಸ್ ಅಂದರೆ ತಲೆಯ ಮೇಲಿಂದ ಮೆದುಳಿಗೆ ಒಂದೇ ದಿಕ್ಕಿನ ಸಣ್ಣ ಕರೆಂಟ್ ಹಾಯಿಸುವುದು. ಈ ಬಗೆಯ ಪೆಟ್ಟಿಗೆಯಲ್ಲಿ ಸ್ಪಂಜು, ಪಟ್ಟಿ ಪರವಾಗಿಲ್ಲ. ತೊಂದರೆ ಇರುವುದು ಪೆಟ್ಟಿಗೆಯಲ್ಲೇ. ಆನ್ ಮಾಡಿದ ಕೂಡಲೇ ಕಣ್ಣಂಚಿನಲ್ಲಿ ಬಿಳಿ ಮಿಂಚು ಹೊಡೆಯುತ್ತದೆ. ಮೆದುಳು ಚುರುಕಾಗುತ್ತಿರುವ ಗುರುತು ಅದು ಅನ್ನುವವರ ಮಾತು ಬರೀ ಬುರುಡೆ.

ಮಿಂಚು ಹುಟ್ಟುವುದು ರೆಟಿನಾದಲ್ಲಿ, ಅಂದರೆ ಕಣ್ಣಿನೊಳಗೆ ಬೆಳಕು ಹಿಡಿಯುವ ಪದರದಲ್ಲಿ. ಹಣೆಯ ಮೇಲೆ ಎಲೆಕ್ಟ್ರೋಡ್ ಇದ್ದರೆ ಕರೆಂಟಿನ ಒಂದು ಪಾಲು ಕಣ್ಣುಗುಡ್ಡೆಯ ಮೂಲಕ ಹಾಯುತ್ತದೆ, ರೆಟಿನಾ ಅಷ್ಟಕ್ಕೇ ಕೆರಳುತ್ತದೆ. ಕರೆಂಟ್ ಒಂದೇ ಸಮ ಹರಿಯುತ್ತಿದ್ದರೆ ಸಾಮಾನ್ಯವಾಗಿ ಏನೂ ಕಾಣದು. ಥಟ್ಟನೆ ಏರಿದಾಗ, ಇಳಿದಾಗ, ಕಡಿದುಹೋದಾಗ ಕಾಣುತ್ತದೆ. (ಹಿಂದೆಮುಂದೆ ಹರಿಯುವ ಕರೆಂಟ್ ಹಾಯಿಸುವ ಟಿಎಸಿಎಸ್ ಕಥೆ ಬೇರೆ. ಅಲ್ಲಿ ದಿಕ್ಕು ಬದಲಾಗುತ್ತಲೇ ಇರುವುದರಿಂದ, 10–20 ಹರ್ಟ್ಸ್ ಆಸುಪಾಸಿನಲ್ಲಿ ಬಿಡದೆ ಮಿನುಗುತ್ತದೆ.)

ಒಳ್ಳೆಯ ಯಂತ್ರ 30 ಸೆಕೆಂಡು ತೆಗೆದುಕೊಂಡು ತಾನೇ ಕರೆಂಟ್ ಏರಿಸುತ್ತದೆ. ಇಲ್ಲಿ ಆ ಕೆಲಸ ಬೆರಳಿನದು. ಸ್ವಿಚ್ ಒತ್ತುವ ಮುಂಚೆ ನಾಬ್ ಸೊನ್ನೆಯಲ್ಲಿರಲಿ, ಅರ್ಧ ನಿಮಿಷದಲ್ಲಿ ಮೆಲ್ಲಗೆ ಏರಿಸಿ, ಮುಗಿದಾಗ ಹಾಗೆಯೇ ಇಳಿಸಿ. ಕರೆಂಟ್ ಇರುವಾಗ ಸ್ಪಂಜು ಕೀಳಬೇಡಿ.

ಇನ್ನೊಂದು ದೋಷ ಬ್ಯಾಟರಿಯದ್ದು. ಚರ್ಮ, ಸ್ಪಂಜು ಸೇರಿ ರೋಧ (ಕರೆಂಟಿಗೆ ಒಡ್ಡುವ ತಡೆ) 5 ಕಿಲೋಓಮ್ ಆದರೆ 2 ಮಿಲಿಆಂಪ್‌ಗೆ 10 ವೋಲ್ಟ್ ಬೇಕು. ಹೊಸ ಬ್ಯಾಟರಿಯಲ್ಲೂ ಅಷ್ಟಿಲ್ಲ. ಮುಳ್ಳು 1.5ರ ಹತ್ತಿರ ತೂಗಾಡುತ್ತಿರುತ್ತದೆ. ಬಳಸುವವರು ಪಟ್ಟಿ ಬಿಗಿ ಮಾಡುತ್ತಾರೆ, ರೋಧ ಇಳಿಯುತ್ತದೆ, ಕರೆಂಟ್ ಒಮ್ಮೆಲೇ ಜಿಗಿಯುತ್ತದೆ. ಮತ್ತೆ ಮಿಂಚು. ಮೆಡಿಕಲ್ ಶಾಪಿನ ನಾರ್ಮಲ್ ಸಲೈನ್ (ಲೀಟರಿಗೆ 9 ಗ್ರಾಂ ಉಪ್ಪು) ಸ್ಪಂಜಿನ ಒಂದೊಂದು ಬದಿಗೆ ಸುಮಾರು 6 ಮಿ.ಲೀ. ಹಾಕಿದರೆ ರೋಧ ಹಿಡಿತದಲ್ಲಿರುತ್ತದೆ. ತೊಟ್ಟಿಕ್ಕುವಷ್ಟು ಬೇಡ: ಹುಬ್ಬಿನತ್ತ ಇಳಿದ ನೀರು ಕರೆಂಟನ್ನೂ ಅತ್ತ ಎಳೆಯುತ್ತದೆ. ನಡುವೆ ಒಣಗಿದರೆ ನಾಬ್ ಸೊನ್ನೆಗೆ ತಂದು ಸಿರಿಂಜಿನಲ್ಲಿ ತುಸು ಹನಿಸಿ.

ಹುಬ್ಬಿನ ಮೇಲಿನ ಎಲೆಕ್ಟ್ರೋಡನ್ನು ತೋಳಿಗೆ ಸರಿಸಿದರೆ ಮಿಂಚು ತಗ್ಗುತ್ತದೆ. ಆದರೆ ಮೆದುಳಿನೊಳಗೆ ಕರೆಂಟ್ ಸಾಗುವ ದಾರಿಯೂ ಬದಲಾಗುತ್ತದೆ, ಹಾಗಾಗಿ ಯಾರನ್ನೂ ಕೇಳದೆ ಮಾಡುವ ಕೆಲಸವಲ್ಲ. ಮೂರ್ಛೆರೋಗ, ಪೇಸ್‌ಮೇಕರ್, ತಲೆಯಲ್ಲಿ ಲೋಹ ಇದ್ದವರಿಗೆ ಇದು ಬೇಡವೇ ಬೇಡ. ಯಂತ್ರ ಬಿಚ್ಚಿಟ್ಟ ಮೇಲೂ ಮಿಂಚು, ಕಪ್ಪು ಚುಕ್ಕೆ, ಪರದೆ ಇಳಿದಂತೆ ಮಬ್ಬು ಕಂಡರೆ ರೆಟಿನಾ ಹರಿದಿರಬಹುದು. ಅಂದೇ ಕಣ್ಣಿನ ಡಾಕ್ಟರಿಗೆ ತೋರಿಸಿ.

ಡಾಕ್ಟರ ಸಲಹೆಯ ಮೇರೆಗೆ ಕೊಳ್ಳುವವರು ತಾನೇ ಏರಿಳಿಸುವ, ರೋಧ ತೋರಿಸುವ ಮಾದರಿಗೆ ಇನ್ನಷ್ಟು ದುಡ್ಡು ಹಾಕುವುದು ವಾಸಿ. ನಾಬ್ ಪೆಟ್ಟಿಗೆಗೆ ಐದರಲ್ಲಿ ಎರಡು ಅಂಕ, ಅದೂ ಸ್ಪಂಜಿನ ಪುಣ್ಯದಿಂದ.