ಬೆಂಗಳೂರಿನ ಟೇಬಲ್, ಮುಂಬೈನ ಓಡಾಟ, ಹರಾಜು: ಹಳೇ ನಾಣ್ಯ ಎಲ್ಲಿ ಮಾರಿದರೆ ಒಳ್ಳೇದು?

ಹಳೇ ನಾಣ್ಯ ಮಾರಲು ಕೊಡಗು ಒಳ್ಳೆ ಜಾಗ ಅಲ್ಲ. ಕಾಫಿಗೆ, ಕರಿಮೆಣಸಿಗೆ ವ್ಯಾಪಾರಿಗಳು ಮನೆ ಬಾಗಿಲಿಗೇ ಬರುತ್ತಾರೆ. ನಾಣ್ಯ ಅಂದರೆ ಮಾತ್ರ "ಎಷ್ಟು ತೂಕ ಇದೆ?" ಅಂತ ಕೇಳುವವರೇ ಜಾಸ್ತಿ. ವಿಕ್ಟೋರಿಯಾ ರೂಪಾಯಿಯನ್ನು ಬೆಳ್ಳಿ ಲೆಕ್ಕಕ್ಕೆ ಕರಗಿಸುವುದನ್ನು ನೋಡಿದರೆ ಕರುಳು ಚುರ್ ಎನ್ನುತ್ತದೆ. ಹಾಗಾಗಿ ನಮ್ಮ ಕಡೆಯವರು ಸರಿಯಾದ ಬೆಲೆಗೆ ಮಾರಬೇಕು ಅಂದರೆ ಕುಶಾಲನಗರದ ಸೇತುವೆ ದಾಟಿ ದೊಡ್ಡ ನಾಣ್ಯಮೇಳಗಳಿಗೆ ಹೋಗಲೇಬೇಕು.

ನಾನು ಮೂರೂ ದಾರಿ ನೋಡಿದ್ದೇನೆ. ಬೆಂಗಳೂರಿನ ಮೇಳದಲ್ಲಿ ಬಾಡಿಗೆ ಟೇಬಲ್ ಹಾಕಿ ಕೂತಿದ್ದೇನೆ, ಮುಂಬೈನಲ್ಲಿ ಆಲ್ಬಮ್ ಹಿಡಿದು ಡೀಲರ್‌ಗಳ ಹತ್ತಿರ ಓಡಾಡಿದ್ದೇನೆ, ಹರಾಜಿಗೂ ಕೊಟ್ಟಿದ್ದೇನೆ. ಯಾವ ಮೇಳ ದೊಡ್ಡದು ಅನ್ನುವುದಕ್ಕಿಂತ ನಿಮ್ಮ ಕೈಯಲ್ಲಿ ಯಾವ ನಾಣ್ಯ ಇದೆ ಅನ್ನುವುದೇ ಮುಖ್ಯ. ಒಂದೇ ನಾಣ್ಯಕ್ಕೆ ಒಂದು ಊರಲ್ಲಿ ಜನ ಮುಗಿಬೀಳುತ್ತಾರೆ, ಇನ್ನೊಂದು ಊರಲ್ಲಿ ತಿರುಗಿಯೂ ನೋಡುವುದಿಲ್ಲ.

ಮೊದಲು ಬೆಂಗಳೂರು. ಅಲ್ಲಿನ ರಾಷ್ಟ್ರೀಯ ಮೇಳಗಳು ಸಾಮಾನ್ಯವಾಗಿ ಶುಕ್ರವಾರದಿಂದ ಭಾನುವಾರದವರೆಗೆ ನಡೆಯುತ್ತವೆ. ಪೂರ್ತಿ ಟೇಬಲ್ ನಮ್ಮಂಥವರಿಗೆ ದುಬಾರಿ. ಇನ್ನೊಂದು ವಿಷಯವೂ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು, ಅದನ್ನು ವ್ಯಾಪಾರವಾಗಿ ಮಾರುವವರಿಗೆ ಪರವಾನಗಿ ಬೇಕು. ಅದಕ್ಕೇ ನಾನು ಪರವಾನಗಿ ಇರುವ ಮೈಸೂರಿನ ಪರಿಚಯದವರ ಜೊತೆ ಕೂರುತ್ತೇನೆ. ಬಿಲ್ಲು ಅವರ ಹೆಸರಲ್ಲೇ ಆಗುತ್ತದೆ, ಬಾಡಿಗೆ ಹಂಚಿಕೊಳ್ಳುತ್ತೇವೆ, ಒಬ್ಬರು ಊಟಕ್ಕೆ ಎದ್ದರೆ ಇನ್ನೊಬ್ಬರು ಕಾಯುತ್ತಾರೆ. ಒಬ್ಬರೇ ಕೂರುವ ಆಸೆ ದಯವಿಟ್ಟು ಬಿಡಿ. ಆಲ್ಬಮ್ ಬಿಟ್ಟು ಕಾಫಿಗೆ ಕೂಡ ಏಳಲು ಆಗುವುದಿಲ್ಲ.

ಶುಕ್ರವಾರ ಡೀಲರ್‌ಗಳ ದಿನ. ಸಾಮಾನ್ಯ ಗಿರಾಕಿಗಳು ಒಳಗೆ ಬರುವ ಮೊದಲೇ ಒಂದು ಸುತ್ತು ವ್ಯಾಪಾರ ಮುಗಿದಿರುತ್ತದೆ, ಅಕ್ಕಪಕ್ಕದ ಟೇಬಲ್ಲಿನವರೇ ನಮ್ಮ ಡಬ್ಬಿ ತೆಗೆಸಿ ನೋಡಿಬಿಡುತ್ತಾರೆ. ಆಗ ಅವಸರ ಬೇಡ. ಬೋಣಿ ಆಗಲಿ ಅಂತ ಒಂದೆರಡು ಕೊಡಿ, ಒಳ್ಳೆಯದನ್ನು ಇಟ್ಟುಕೊಳ್ಳಿ. ಶನಿವಾರ ನಿಜವಾದ ಸಂಗ್ರಾಹಕರು ಬರುತ್ತಾರೆ. ಭಾನುವಾರ ಮಕ್ಕಳನ್ನು ಕರೆದುಕೊಂಡು ಮನೆಮಂದಿ ಬರುತ್ತಾರೆ.

ಬೆಂಗಳೂರಿನ ಟೇಬಲ್ಲಿನ ಮೇಲೆ ಚೆನ್ನಾಗಿ ಓಡುವುದು ಮೈಸೂರಿನ ತಾಮ್ರ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕಾಸುಗಳ ಮೇಲೆ ಕನ್ನಡದಲ್ಲೇ "ಮಯಿಲಿ ಕಾಸು" ಅಂತ ಇದೆ, ಜೊತೆಗೆ ಇಪ್ಪತ್ತೋ ಹತ್ತೋ ಐದೋ ಅಂತ ಬೆಲೆ. ಒಬ್ಬ ತಾಯಿ ಮಗನ ಕೈಗೆ ಇಪ್ಪತ್ತರ ಕಾಸು ಕೊಟ್ಟು "ಓದು ನೋಡೋಣ" ಅಂದರು. ಹುಡುಗ ನನ್ನ ಲೂಪ್, ಅಂದರೆ ಭೂತಗನ್ನಡಿ, ಕಣ್ಣಿಗಿಟ್ಟುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದಿದ. ಕಾಸು ಸವೆದಿತ್ತು, ಅಂಚು ಒಂದು ಕಡೆ ಚಪ್ಪಟೆಯಾಗಿತ್ತು, ಆದರೂ ಓದಲು ಬಂತಲ್ಲ, ತಾಯಿ ಚೌಕಾಸಿ ಮಾಡದೆ ತೆಗೆದುಕೊಂಡರು. ಇಂಥ ಗಿರಾಕಿ ಮುಂಬೈನಲ್ಲಿ ಸಿಗಲು ಸಾಧ್ಯವೇ ಇಲ್ಲ, ಅಲ್ವಾ?

ಟಿಪ್ಪುವಿನ ಆನೆ ಕಾಸುಗಳಿಗೂ ಬೇಡಿಕೆ ಇದೆ. ನಮ್ಮ ಕೊಡಗಿನಲ್ಲಿ ಆ ಹೆಸರಿಗೆ ಬೇರೆಯೇ ನೆನಪುಗಳಿವೆ, ಅದು ಎಲ್ಲರಿಗೂ ಗೊತ್ತು. ಆದರೆ ನಾಣ್ಯ ಅಚ್ಚು ಹಾಕುತ್ತಿದ್ದ ಆ ಟಂಕಸಾಲೆಗಳ ಕೆಲಸ ಮಾತ್ರ ಬಹಳ ಅಚ್ಚುಕಟ್ಟು. ಸಂಗ್ರಾಹಕರು ಟಂಕಸಾಲೆ ಪ್ರಕಾರ ಕೂಡಿಸುತ್ತಾರೆ: ಪಟ್ಟಣ ಅಂದರೆ ಶ್ರೀರಂಗಪಟ್ಟಣ, ನಗರ ಅಂದರೆ ಬಿದನೂರು, ಫರುಖ್‌ಯಾಬ್ ಹಿಸಾರ್ ಅಂದರೆ ಚಿತ್ರದುರ್ಗ. ಟಿಪ್ಪು ತಂದ ಮೌಲೂದಿ ಅನ್ನುವ ಲೆಕ್ಕದ ವರ್ಷ ಹಾಕಿದ ನಾಣ್ಯಗಳಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಮಾರುವವರಿಗೆ ಇಷ್ಟು ಗೊತ್ತಿದ್ದರೆ ಗಿರಾಕಿ ಅರ್ಧ ಗಂಟೆ ಕೂರುತ್ತಾರೆ. ಗೊತ್ತಿಲ್ಲದಿದ್ದರೆ ಮುಂದಿನ ಟೇಬಲ್ಲಿಗೆ ಹೋಗುತ್ತಾರೆ.

ಕಂಠೀರಾಯಿ ಹಣ ಇಟ್ಟಿದ್ದರೆ ಒಂದು ಎಚ್ಚರ. ಅರ್ಧ ಗ್ರಾಂ ಕೂಡ ತೂಗದ ಪುಟ್ಟ ಚಿನ್ನದ ನಾಣ್ಯ ಅದು, ಫ್ಯಾನ್ ಗಾಳಿಗೇ ಹಾರುತ್ತದೆ. ಮುಚ್ಚಳ ಇರುವ ಕ್ಯಾಪ್ಸೂಲಿನಲ್ಲೇ ತೋರಿಸಿ. ನೋಡುವವರು ತೆಗೆಯಿರಿ ಅಂದರೆ ಮೊದಲು ಕೆಳಗೆ ಕಪ್ಪು ಬಟ್ಟೆ ಹಾಸಿ.

ಬೆಂಗಳೂರಿನ ತೊಂದರೆ ಏನು ಅಂದರೆ ಕಾಲಹರಣ. ವೈಷ್ಣೋದೇವಿ ಚಿತ್ರದ ಐದು ರೂಪಾಯಿ ತಂದು "ಇದು ಲಕ್ಷಕ್ಕೆ ಹೋಗುತ್ತಂತೆ" ಅನ್ನುವವರು ದಿನಕ್ಕೆ ಎಷ್ಟೋ ಜನ. ಅದು 2012ರಲ್ಲಿ ಬಂದ ನಾಣ್ಯ, ಅಪರೂಪವೇನಲ್ಲ. ಇನ್ನು ಕೆಲವರು ಹನುಮಂತನ ಚಿತ್ರ, 1818ನೇ ಇಸವಿ, ಈಸ್ಟ್ ಇಂಡಿಯಾ ಕಂಪನಿ ಹೆಸರು ಇರುವ ತಾಮ್ರದ ಬಿಲ್ಲೆ ತರುತ್ತಾರೆ. ಅಂಥ ನಾಣ್ಯವನ್ನು ಕಂಪನಿ ಹೊರಡಿಸಿಯೇ ಇಲ್ಲ. ಅಯಸ್ಕಾಂತದ ಹಾಗೆ ಅಕ್ಕಿಕಾಳನ್ನು ಎಳೆಯುತ್ತದೆ ಅಂತ ಹೇಳಿ ಇದನ್ನೇ ಕೋಟಿಗೆ ಮಾರುತ್ತೇವೆ ಅನ್ನುವ ಮೋಸಗಾರರೂ ಇದ್ದಾರೆ. ನಮ್ಮ ಜಿಲ್ಲೆಯವರು ಯಾರೂ ಮುಂಗಡ ಕೊಡಬೇಡಿ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು, ಹಳೇ ನಾಣ್ಯ, ನೋಟು ಕೊಳ್ಳುತ್ತೇವೆ ಅಂತ ಶುಲ್ಕ ಕೇಳುವವರನ್ನು ನಂಬಬೇಡಿ ಅಂತ ಆ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ಇಂಥ ನಾಣ್ಯ ತರುವವರನ್ನು ನಾನು ಬೇಸರ ಮಾಡಿಕೊಳ್ಳದೆ ಕೂರಿಸಿ ಹೇಳುತ್ತೇನೆ. ಆದರೆ ಆ ಹೊತ್ತಿಗೆ ಪಕ್ಕದಲ್ಲಿ ನಿಂತ ಒಳ್ಳೆ ಗಿರಾಕಿ ಹೋಗಿಬಿಟ್ಟಿರುತ್ತಾರೆ. ಇದಕ್ಕೂ ಜೊತೆಗೊಬ್ಬರು ಬೇಕು.

ಬೆಳಕಿನ ವಿಷಯವನ್ನೂ ಹೇಳಬೇಕು. ಒಂದು ಮೇಳದಲ್ಲಿ ನಮಗೆ ಕೊಟ್ಟ ಮೂಲೆಯಲ್ಲಿ ಬೆಳಕೇ ಇರಲಿಲ್ಲ, ಕೇಳಿದರೆ ಆಯೋಜಕರು "ನೋಡೋಣ" ಅಂದರು, ಸಂಜೆವರೆಗೂ ನೋಡಿದ್ದಷ್ಟೇ. ಚಾರ್ಜ್ ಮಾಡುವ ಎಲ್‌ಇಡಿ ದೀಪ ಒಂದನ್ನು ಚೀಲದಲ್ಲಿ ಇಟ್ಟುಕೊಂಡೇ ಹೋಗಿ. ತಾಮ್ರದ ನಾಣ್ಯ ಬೆಳಕಿಲ್ಲದೆ ಮಾರಾಟ ಆಗುವುದಿಲ್ಲ.

ಈಗ ಮುಂಬೈ. ಅಲ್ಲಿ ನಾನು ಟೇಬಲ್ ತೆಗೆದುಕೊಳ್ಳಲಿಲ್ಲ. ಆಲ್ಬಮ್ ಹಿಡಿದು ಟೇಬಲ್ಲಿಂದ ಟೇಬಲ್ಲಿಗೆ ಹೋಗುವುದು, ಡೀಲರ್‌ಗಳಿಗೇ ಮಾರುವುದು. ವ್ಯವಹಾರ ಬಹಳ ಚುರುಕು. ಪುಟ ತಿರುಗಿಸುತ್ತಾರೆ, ಎರಡು ಮೂರು ನಾಣ್ಯ ಬೆರಳಿಟ್ಟು ತೋರಿಸುತ್ತಾರೆ, "ನಿಮ್ಮ ರೇಟ್ ಹೇಳಿ" ಅನ್ನುತ್ತಾರೆ. ರೇಟ್ ಮೊದಲೇ ಮನಸ್ಸಿನಲ್ಲಿ ಇರಬೇಕು. ತಡವರಿಸಿದರೆ ಅವರೇ ಹೇಳುತ್ತಾರೆ, ಆಮೇಲೆ ಅದರ ಮೇಲೆ ಏರಿಸುವುದು ಕಷ್ಟ. ಹಣ ಮಾತ್ರ ಅಲ್ಲೇ, ಆಗಲೇ ಬರುತ್ತದೆ.

ಅಲ್ಲಿ ಕೇಳುವುದು ಬ್ರಿಟಿಷ್ ಇಂಡಿಯಾದ ಬೆಳ್ಳಿ. 1835ರಲ್ಲಿ ಕಂಪನಿ ತನ್ನ ಆಡಳಿತದ ಪ್ರದೇಶಗಳಿಗೆಲ್ಲ ಒಂದೇ ರೂಪಾಯಿ ತಂದಿತಲ್ಲ, ಅಲ್ಲಿಂದ ಹಿಡಿದು ಆರನೇ ಜಾರ್ಜ್‌ವರೆಗೆ. 1840ರ ವಿಕ್ಟೋರಿಯಾ ರೂಪಾಯಿಯಲ್ಲಿ ತಲೆಯ ಸುತ್ತಲಿನ ಬರಹ ಎರಡು ಬದಿಗೆ ಒಡೆದಿದೆಯೋ ಒಂದೇ ಸಾಲಾಗಿ ಕೂಡಿದೆಯೋ ಅಂತ ನೋಡುತ್ತಾರೆ. 1862 ಅಂತ ಇರುವ ರೂಪಾಯಿಗಳಲ್ಲಿ ಚುಕ್ಕಿ ಎಣಿಸುತ್ತಾರೆ, ಯಾಕೆಂದರೆ ಅದೇ ಇಸವಿ ಹಾಕಿಕೊಂಡು ಅದನ್ನು ಎಷ್ಟೋ ವರ್ಷ ಟಂಕಿಸಿದರು, ನಿಜವಾಗಿ ಯಾವ ವರ್ಷದ್ದು ಅಂತ ಅಂದಾಜಿಸುವುದು ಚುಕ್ಕಿಗಳಿಂದಲೇ. 1911ರ ಐದನೇ ಜಾರ್ಜ್ ರೂಪಾಯಿ ಇದ್ದರಂತೂ ಕಣ್ಣರಳಿಸುತ್ತಾರೆ. ರಾಜನ ನಿಲುವಂಗಿ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆ ಅಂತ ಗಲಾಟೆಯಾಗಿ ಮರುವರ್ಷ ಚಿತ್ರ ಬದಲಾಯಿಸಿದ ನಾಣ್ಯ ಅದು.

ಆದರೆ ಬೆಲೆ? ಡೀಲರ್ ಅದನ್ನು ಮತ್ತೆ ಮಾರಬೇಕು, ಟೇಬಲ್ ಬಾಡಿಗೆ, ಹೋಟೆಲ್ ಎಲ್ಲ ಅವರಿಗೂ ಇದೆ. ಹಾಗಾಗಿ ಬೆಂಗಳೂರಿನ ಟೇಬಲ್ಲಿನಲ್ಲಿ ಸಿಗುವುದರ ಅರ್ಧವೋ ಸ್ವಲ್ಪ ಜಾಸ್ತಿಯೋ ಸಿಗುತ್ತದೆ. ನನಗೆ ಇದು ಅನ್ಯಾಯ ಅಂತ ಅನಿಸಿಲ್ಲ. ಒಂದೇ ಥರದ ರೂಪಾಯಿ ರಾಶಿ ಇದ್ದು, ಬೇಗ ಹಣ ಬೇಕಿದ್ದರೆ ಇದೇ ಸರಿ. ಮೈಸೂರಿನ ತಾಮ್ರವನ್ನು ಮಾತ್ರ ಅಲ್ಲಿಗೆ ಮಾರಲು ಒಯ್ಯಬೇಡಿ.

ಬದಲಿಗೆ ಕೊಂಡು ತನ್ನಿ! ಮುಂಬೈನಲ್ಲಿ ನನಗೆ ಸಿಕ್ಕ ದೊಡ್ಡ ಲಾಭ ಇದೇ. ಅಲ್ಲಿನ ಎಷ್ಟೋ ಟೇಬಲ್ಲುಗಳ ಕೆಳಗೆ ಒಂದು ಡಬ್ಬಿ ಇರುತ್ತದೆ, ದಕ್ಷಿಣದ ತಾಮ್ರವೆಲ್ಲ ಒಟ್ಟಿಗೆ, ಒಂದಕ್ಕೆ ಇಷ್ಟು ಅಂತ ಒಂದೇ ರೇಟು. ಅವರಿಗೆ ಕನ್ನಡ ಓದಲು ಬರುವುದಿಲ್ಲ. ನಮಗೆ ಬರುತ್ತದೆ. ನೆಲದ ಮೇಲೆ ಕೂತು ಆರಿಸಿದರೆ ಮಯಿಲಿ ಕಾಸು, "ಶ್ರೀ ಚಾಮುಂಡಿ" ಅಂತ ಇರುವ ಕಾಸು, ಒಳ್ಳೆ ಅಕ್ಷರ ಉಳಿದಿರುವ ಕಾಸು ಸಿಗುತ್ತವೆ. ಅವನ್ನೇ ಬೆಂಗಳೂರಿನ ಟೇಬಲ್ಲಿನಲ್ಲಿ ಇಟ್ಟರೆ ಮುಂಬೈಗೆ ಹೋಗಿಬಂದ ಖರ್ಚು ಹುಟ್ಟುತ್ತದೆ.

ಪ್ರಯಾಣದ ಬಗ್ಗೆ: ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಘಾಟಿ ಇಳಿದು ಕಣ್ಣೂರಿನ ವಿಮಾನ ಹತ್ತಿರ. ನಾಣ್ಯವನ್ನು ಕೈಚೀಲದಲ್ಲೇ ಇಡಿ, ಲಗೇಜಿಗೆ ಹಾಕಬೇಡಿ. ರೂಪಾಯಿಗಳನ್ನು ಸುರುಳಿ ಮಾಡಿ ಕಟ್ಟಿದರೆ ಎಕ್ಸ್‌ರೇಯಲ್ಲಿ ಕಪ್ಪು ಗಟ್ಟಿಯಂತೆ ಕಾಣುತ್ತದೆ, ಬಿಚ್ಚಿಸುತ್ತಾರೆ. ಹಾಳೆಗಳಲ್ಲಿ ಹರಡಿ, ಮೇಲೊಂದು ಪಟ್ಟಿ ಪ್ರಿಂಟ್ ಮಾಡಿ ಇಟ್ಟರೆ ಬೇಗ ಬಿಡುತ್ತಾರೆ.

ಕೋಲ್ಕತ್ತದ ಬಗ್ಗೆ ಎರಡೇ ಮಾತು. ಕಲ್ಕತ್ತಾ ನ್ಯೂಮಿಸ್ಮಾಟಿಕ್ ಸೊಸೈಟಿಯ ಮುದ್ರಾ ಉತ್ಸವ ನೋಡಲೇಬೇಕಾದ ಮೇಳ. ಅಸ್ಸಾಂನ ಅಹೋಮ್ ರಾಜರ ಎಂಟು ಮೂಲೆಯ ನಾಣ್ಯಗಳನ್ನು ಅಷ್ಟು ಹತ್ತಿರದಿಂದ ನಾನು ಬೇರೆಲ್ಲೂ ನೋಡಿಲ್ಲ. ಆದರೆ ನಮ್ಮ ಸರಕಿಗೆ ಅಲ್ಲಿ ಗಿರಾಕಿ ಕಡಿಮೆ, ಜೊತೆಗೆ ಡಿಸೆಂಬರ್ ಅಂದರೆ ತೋಟದಲ್ಲಿ ಕಾಫಿ ಕೊಯ್ಲು. ಸುಮ್ನೆ ನೋಡಲು ಹೋಗಬಹುದು, ಮಾರಲು ಬೇಡ.

ಹರಾಜಿಗೆ ಬರೋಣ. ಇದಕ್ಕೆ ತಾಳ್ಮೆ ಬೇಕು. ಮೇಳಕ್ಕೆ ತಿಂಗಳುಗಟ್ಟಲೆ ಮೊದಲೇ ನಾಣ್ಯ ಕೊಡಬೇಕು, ಅವರು ಫೋಟೊ ತೆಗೆದು ಕ್ಯಾಟಲಾಗ್ ಮಾಡುತ್ತಾರೆ, ಮೇಳದ ಸಂಜೆಯೋ ಆಸುಪಾಸಿನಲ್ಲೋ ಹರಾಜು, ಆಮೇಲೆ ಕಮಿಷನ್ ಮುರಿದುಕೊಂಡು ಹಣ. ಕೊಟ್ಟು ಹಣ ಬರುವವರೆಗೆ ಮಳೆಗಾಲ ಒಂದು ಕಳೆದುಹೋದರೂ ಆಶ್ಚರ್ಯ ಇಲ್ಲ. ಮಾರಾಟವಾಗದ ಲಾಟು ವಾಪಸ್ ಬರುತ್ತದೆ.

ಆದರೂ ನಿಜವಾಗಿ ಒಳ್ಳೆಯ ನಾಣ್ಯಕ್ಕೆ ಹರಾಜಿನ ಸಮ ಯಾವುದೂ ಇಲ್ಲ. ನಾನು ಕೊಟ್ಟದ್ದರಲ್ಲಿ ಟಿಪ್ಪುವಿನ ಎರಡು ಪೈಸೆಯ ದೊಡ್ಡ ತಾಮ್ರ ಒಂದಿತ್ತು. ಆನೆಯ ಸೊಂಡಿಲು, ಮೇಲಿನ ಬಾವುಟ ಪೂರ್ತಿ ಅಚ್ಚಾಗಿತ್ತು. ಟೇಬಲ್ಲಿನಲ್ಲಿ ಅದಕ್ಕೆ ಚೌಕಾಸಿಯೇ ಚೌಕಾಸಿ. ಹರಾಜಿನಲ್ಲಿ ಇಬ್ಬರು ಹಟಕ್ಕೆ ಬಿದ್ದು ಏರಿಸಿದರು, ನಾನು ಕೇಳಿಕೊಳ್ಳಲೂ ಹಿಂಜರಿಯುತ್ತಿದ್ದ ಬೆಲೆ ಬಂತು. ಅದೇ ಹರಾಜಿಗೆ ಕೊಟ್ಟಿದ್ದ ಸಾಧಾರಣ ರೂಪಾಯಿಗಳ ಲಾಟು ಮೂಲ ಬೆಲೆಗೇ ಹೋಯಿತು, ಕಮಿಷನ್ ಕಳೆದರೆ ಮುಂಬೈ ಡೀಲರ್ ಕೊಡುವಷ್ಟೇ. ಇಬ್ಬರು ಬಯಸುವ ನಾಣ್ಯ ಇದ್ದರೆ ಮಾತ್ರ ಹರಾಜು.

ಕೊಡಗಿನಲ್ಲಿ ಯಾರ ಐನ್‌ಮನೆಯಲ್ಲಾದರೂ, ಅಂದರೆ ಕುಟುಂಬದ ಮೂಲಮನೆಯಲ್ಲಾದರೂ, 1837ರ ಕೊಡಗು ಪದಕ ಇದ್ದರೆ, ಮಾರಲೇಬೇಕು ಅಂತಿದ್ದರೆ, ಹರಾಜೊಂದೇ ದಾರಿ. 1834ರಲ್ಲಿ ಚಿಕ್ಕವೀರರಾಜನನ್ನು ಇಳಿಸಿದ ಮೇಲೆ 1837ರಲ್ಲಿ ದಂಗೆ ಎದ್ದಿತಲ್ಲ, ಆಗ ತನ್ನ ಕಡೆ ನಿಂತವರಿಗೆ ಕಂಪನಿ ಕೊಟ್ಟ ಪದಕ ಅದು, ಕೊಡವ ಯೋಧನ ಚಿತ್ರ ಇದೆ, ಚಿನ್ನದ್ದೂ ಬೆಳ್ಳಿಯದ್ದೂ ಇದೆ. ಅದರ ಜೊತೆ ಮನೆಯ ಹಳೇ ಕಾಗದಪತ್ರ ಏನಾದರೂ ಇದ್ದರೆ ಬೇರ್ಪಡಿಸಬೇಡಿ. ಯಾರಿಗೆ ಕೊಟ್ಟದ್ದು ಅನ್ನುವುದಕ್ಕೆ ಆಧಾರ ಸಿಕ್ಕರೆ ಪದಕದ ತೂಕವೇ ಬೇರೆ. ನನ್ನ ಮನಸ್ಸಿನ ಮಾತು ಕೇಳಿದರೆ, ಅದು ಕೊಡಗಿನಲ್ಲೇ ಉಳಿಯಲಿ.

ನಮ್ಮ ಕಡೆಯ ಕೊರಳ ಒಡವೆ ಪತ್ತಾಕ್‌ನಿಂದ ಬಿಚ್ಚಿದ ಪವನಿನ, ಅಂದರೆ ಬ್ರಿಟಿಷ್ ಚಿನ್ನದ ನಾಣ್ಯದ, ಬಗ್ಗೆ ತುಂಬಾ ಜನ ಕೇಳುತ್ತಾರೆ. ವಿಕ್ಟೋರಿಯಾ ಪವನು ಸುಮಾರು 8 ಗ್ರಾಂ, 22 ಕ್ಯಾರೆಟ್. ಒಡವೆಗೆ ಬೆಸುಗೆ ಹಾಕಿದ ಗುರುತು ಅಂಚಿನಲ್ಲಿ ಇದ್ದರೆ ಸಂಗ್ರಾಹಕರು ಚಿನ್ನದ ಬೆಲೆಗಿಂತ ಜಾಸ್ತಿ ಕೊಡುವುದಿಲ್ಲ, ಮೇಳಕ್ಕೆ ಹೊತ್ತೊಯ್ಯುವ ಶ್ರಮ ವ್ಯರ್ಥ. ಒಡವೆಯಾಗಿಯೇ ಇರಲಿ.

ಮೂರು ದಾರಿಗೂ ಸೇರಿದ ಮಾತು ತೊಳೆಯುವುದು. ಹುತ್ತರಿ ಹಬ್ಬಕ್ಕೆ ದೀಪ, ಚೊಂಬು ಬೆಳಗುವಾಗ ಪೆಟ್ಟಿಗೆಯ ನಾಣ್ಯಕ್ಕೂ ಕೈ ಹಾಕುತ್ತಾರೆ, ತಾಮ್ರಕ್ಕೆ ಹುಣಸೆಹಣ್ಣು, ಬೆಳ್ಳಿಗೆ ವಿಭೂತಿ. ಲೂಪ್ ಹಿಡಿದರೆ ಮೈತುಂಬಾ ಸಣ್ಣ ಗೀರು ಕಾಣುತ್ತದೆ. ಡೀಲರ್ ಒಂದು ನೋಟಕ್ಕೇ ಬೆಲೆ ಇಳಿಸುತ್ತಾನೆ, ನಾಣ್ಯದ ಸ್ಥಿತಿ ನೋಡಿ ಅಂಕ ಕೊಡುವ ಗ್ರೇಡಿಂಗ್‌ಗೆ ಕಳಿಸಿದರೂ 70ರ ಅಳತೆಯಲ್ಲಿ ಅಂಕ ಕೊಡದೆ ತೊಳೆದದ್ದು ಅಂತ ಬರೆದು ಕಳಿಸುತ್ತಾರೆ. ಕಪ್ಪಗಿದ್ದರೆ ಕಪ್ಪಗೇ ಇರಲಿ. ಜುಲೈ-ಆಗಸ್ಟಿನ ಕಕ್ಕಡದ ಮಳೆಯಲ್ಲಿ ನಮ್ಮ ಮನೆಗಳ ತೇವಕ್ಕೆ ತಾಮ್ರ ಕಿಲುಬು ಹಿಡಿಯುತ್ತದೆ, ಅದರಲ್ಲೂ ಪಿವಿಸಿಯ ಮೆತ್ತನೆ ಕವರಿನಲ್ಲಿ ಇಟ್ಟರೆ ಹಸಿರು ಜಿಗುಟು ಬರುತ್ತದೆ. ಮೈಲಾರ್ ಅನ್ನುವ ಪಾಲಿಯೆಸ್ಟರ್ ಕವರು, ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಇಷ್ಟಿದ್ದರೆ ಸಾಕು.

ಮುಂದಿನ ಮೇಳಕ್ಕೆ ನನ್ನ ಡಬ್ಬಿಗಳು ಈಗಲೇ ಬೇರೆಯಾಗಿವೆ. ಕನ್ನಡ ಅಕ್ಷರದ ತಾಮ್ರ, ತೂತಿನ ಕಾಸು, ಕಾಲಾಣೆಗಳು ಬೆಂಗಳೂರಿನ ಟೇಬಲ್ಲಿಗೆ. ಒಂದೇ ಥರದ ರೂಪಾಯಿಗಳು ಮುಂಬೈಗೆ, ಬರುವಾಗ ಅಲ್ಲಿನ ಡಬ್ಬಿಗಳಿಂದ ಆರಿಸಿದ ತಾಮ್ರ. ಹರಾಜಿಗೆ ಒಂದೇ ಒಂದು, ಅಂಚು ಉಳಿದಿರುವ ವಿಜಯನಗರದ ಚಿನ್ನದ ನಾಣ್ಯ, ಅರ್ಧ ವರಾಹ. ಅದರ ಫೋಟೊ ಕಳಿಸಿ ಆಗಿದೆ. ಸೋಮವಾರಪೇಟೆ, ಮಡಿಕೇರಿ ಕಡೆಯವರು ಯಾರಾದರೂ ಟೇಬಲ್ಲಿನಲ್ಲಿ ಜೊತೆಗೆ ಕೂರಲು ಬರುವುದಾದರೆ ಬನ್ನಿ. ಮನೆಯ ನಾಣ್ಯ ತರುವುದಾದರೆ ತೊಳೆಯದೆ ತನ್ನಿ.