ಜಿಡಿಪಿಆರ್ ಮತ್ತು ಒಂದು ಸಣ್ಣ ಜಾಲತಾಣ: ಮೂರು ದಾರಿಗಳ ಹೋಲಿಕೆ

ಚನ್ನಪಟ್ಟಣದ ಮರದ ಗೊಂಬೆಗಳನ್ನು ಮಾರುವ ಜಾಲತಾಣವೊಂದರ ತಾಂತ್ರಿಕ ಕೆಲಸ ನನ್ನದು. ಜರ್ಮನಿ, ಐರ್ಲೆಂಡ್‌ಗಳಲ್ಲಿರುವ ಕನ್ನಡಿಗರೂ ಗೊಂಬೆಗಳನ್ನು ತರಿಸಿಕೊಳ್ಳುವುದರಿಂದ, 2018ರ ಮೇ 25ರಿಂದ ಅನ್ವಯವಾಗುತ್ತಿರುವ ಐರೋಪ್ಯ ಒಕ್ಕೂಟದ ದತ್ತಾಂಶ ಸಂರಕ್ಷಣಾ ಕಾನೂನಾದ ಜಿಡಿಪಿಆರ್ ನಮಗೂ ತಾಗುತ್ತದೆ. ಅದರ 3ನೇ ವಿಧಿಯಂತೆ, ಒಕ್ಕೂಟದಲ್ಲಿರುವವರಿಗೆ ಸರಕು ಅಥವಾ ಸೇವೆ ಒದಗಿಸಲು ಮುಂದಾಗುವ, ಇಲ್ಲವೇ ಅಲ್ಲಿ ಅವರ ವರ್ತನೆಯ ಮೇಲೆ ನಿಗಾ ಇಡುವ ಹೊರದೇಶದ ಸಂಸ್ಥೆಯೂ ಕಾನೂನಿಗೆ ಒಳಪಡುತ್ತದೆ. ಪೌರತ್ವ ಲೆಕ್ಕಕ್ಕಿಲ್ಲ, ಮ್ಯೂನಿಕ್‌ನಲ್ಲಿರುವ ಮಂಡ್ಯದವರಿಗೂ ಈ ರಕ್ಷಣೆ ಉಂಟು.

ಮೊದಲು ಯುರೋಪಿನ ಐಪಿ ವಿಳಾಸಗಳನ್ನೇ, ಅಂದರೆ ಅಂತರಜಾಲ ಸಂಪರ್ಕವನ್ನು ಗುರುತಿಸುವ ಸಂಖ್ಯೆಗಳನ್ನೇ, ತಡೆದು ನೋಡಿದೆ. ಲಾಸ್ ಏಂಜಲೀಸ್ ಟೈಮ್ಸ್, ಶಿಕಾಗೊ ಟ್ರಿಬ್ಯೂನ್‌ನಂತಹ ಪತ್ರಿಕೆಗಳು 2018ರಲ್ಲಿ ಹಿಡಿದದ್ದೂ ಇದೇ ದಾರಿ. ಖರ್ಚಿಲ್ಲ, ಗಿರಾಕಿಯೂ ಇಲ್ಲ. ಮಾರುವವರಿಗೆ ಇದು ಹೊಂದುವುದಿಲ್ಲ.

ಎರಡನೆಯದು, ಎಲ್ಲರೂ ಅಂಟಿಸುವ ಕುಕಿ ಒಪ್ಪಿಗೆಯ ಪಟ್ಟಿ; ಕುಕಿ ಎಂದರೆ ತಾಣವು ಸಂದರ್ಶಕರ ಬ್ರೌಸರ್‌ನಲ್ಲಿ ಇಡುವ ಪುಟ್ಟ ಕಡತ, ಪಟ್ಟಿ ಎಂದರೆ ಅದಕ್ಕೆ ಅನುಮತಿ ಕೇಳುತ್ತ ಪುಟದ ಮೇಲೆ ಮೂಡುವ ಸೂಚನೆ. ಇದನ್ನು ಹಾಕಿದರೆ ಕಾನೂನು ಪಾಲಿಸಿದಂತೆ ಎಂಬ ನಂಬಿಕೆ ವ್ಯಾಪಕವಾಗಿದೆಯಾದರೂ, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲು ಅವಕಾಶವಿರಬೇಕು, ಒಪ್ಪುವ ಮುನ್ನ ಜಾಹೀರಾತಿನ ಕುಕಿಗಳು ಕೂರಬಾರದು. ನಾನು ಪರೀಕ್ಷಿಸಿದ ಉಚಿತ ಪ್ಲಗಿನ್ ಒಂದರಲ್ಲಿ, 'ಬೇಡ' ಎಂದು ಒತ್ತಿದ ಮೇಲೂ ಕುಕಿಗಳು ಬ್ರೌಸರ್‌ನಲ್ಲಿ ಉಳಿದಿದ್ದವು. ಅಂತಹ ಪಟ್ಟಿ ಇರುವುದಕ್ಕಿಂತ ಇಲ್ಲದಿರುವುದೇ ಲೇಸು.

ಮೂರನೆಯದಾಗಿ, ಸಂದರ್ಶಕರ ಜಾಡು ಹಿಡಿಯುವ ಸಾಧನಗಳನ್ನೆಲ್ಲ ಕಿತ್ತುಹಾಕಿ, ಪಾರ್ಸೆಲ್ ಕಳುಹಿಸಲು ಮತ್ತು ಲೆಕ್ಕಪತ್ರಕ್ಕೆ ಬೇಕಾದ ವಿವರಗಳನ್ನು ಮಾತ್ರ ಇಟ್ಟುಕೊಂಡೆವು. ನನಗೆ ಒಪ್ಪಿಗೆಯಾದದ್ದು ಇದು. ಯಾವ ಪುಟವನ್ನು ಯಾರು ನೋಡಿದರೆಂಬ ಅಂಕಿಅಂಶ ಕೈತಪ್ಪಿತು; ಗೊಂಬೆ ಮಾರಲು ಅದು ಬೇಕಾಗಿಯೂ ಇರಲಿಲ್ಲ. ಆದರೂ 3ನೇ ವಿಧಿಯ ಎರಡು ಎಳೆಗಳಲ್ಲಿ ಇದರಿಂದ ತಪ್ಪಿದ್ದು ನಿಗಾ ಇಡುವ ಎಳೆ ಮಾತ್ರ. ತಾಣವು ಯುರೋಪಿನಿಂದ ತೆರೆದುಕೊಳ್ಳುತ್ತದೆ ಎಂಬಷ್ಟಕ್ಕೇ ಕಾನೂನು ಅನ್ವಯಿಸದಿದ್ದರೂ, ಯೂರೋದಲ್ಲಿ ಬೆಲೆ ನಮೂದಿಸಿ ಜರ್ಮನಿಗೆ ಕಳುಹಿಸುತ್ತೇವೆಂದು ಬರೆದಿರುವ ನಾವು ಮಾರಾಟದ ಎಳೆಯಿಂದ ಬಿಡಿಸಿಕೊಳ್ಳಲಾರೆವು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೊರಗಿನವರನ್ನು ಹಿಡಿಯುವುದು ಈ ಒಂದೇ ಎಳೆಯಿಂದ. ವಿದೇಶದಲ್ಲಿ ಕುಳಿತು ಬರಿದೇ ನಿಗಾ ಇಡುವವರನ್ನು ಅದು ಹೆಸರಿಸಿಲ್ಲ, ಇದು ಕೊರತೆಯೆಂದೇ ನನ್ನ ಅಭಿಪ್ರಾಯ.

ಉಳಿದದ್ದು ಜಿಡಿಪಿಆರ್‌ನ 27ನೇ ವಿಧಿ: ಒಕ್ಕೂಟದೊಳಗೆ ಒಬ್ಬ ಪ್ರತಿನಿಧಿಯನ್ನು ಲಿಖಿತವಾಗಿ ನೇಮಿಸಬೇಕು. ಹಾಗೆ ನೇಮಿಸದಿದ್ದುದಕ್ಕೆ ಲೊಕೇಟ್‌ಫ್ಯಾಮಿಲಿ.ಕಾಮ್ ಎಂಬ ತಾಣಕ್ಕೆ ನೆದರ್ಲೆಂಡ್ಸ್‌ನ ದತ್ತಾಂಶ ಸಂರಕ್ಷಣಾ ಪ್ರಾಧಿಕಾರವು 5,25,000 ಯೂರೋ ದಂಡ ವಿಧಿಸಿದ್ದನ್ನು 2021ರಲ್ಲಿ ಪ್ರಕಟಿಸಿತು. ಅಪರೂಪಕ್ಕೊಮ್ಮೆ, ಅಪಾಯವಿಲ್ಲದಂತೆ ದತ್ತಾಂಶ ಬಳಸುವವರಿಗೆ ವಿನಾಯಿತಿ ಇದೆ. ಯುರೋಪಿನಿಂದ ಬೇಡಿಕೆ ನಿಯಮಿತವಾಗಿರುವಾಗ ಅದನ್ನು ನೆಚ್ಚಲಾಗದೆ, ವಾರ್ಷಿಕ ಶುಲ್ಕಕ್ಕೆ ಪ್ರತಿನಿಧಿಯಾಗುವ ಸಂಸ್ಥೆಗಳ ದರಪಟ್ಟಿಗಳನ್ನು ಈಗ ತರಿಸಿಕೊಂಡಿದ್ದೇವೆ.